ಟಾಕ್‌ಬ್ಯಾಕ್‌ನಲ್ಲಿ ಧ್ವನಿಯ ಲೆವೆಲ್ ಹೊಂದಿಸುವ ಕ್ರಮ: ನೇರ ಪ್ರಸಾರದ ತಂಡಗಳಿಗೆ

ನೇರ ಪ್ರಸಾರದ ಸ್ಥಳದಲ್ಲಿ ಟಾಕ್‌ಬ್ಯಾಕ್, ಅಂದರೆ ನಿರ್ದೇಶಕರೂ ತಂಡದವರೂ ಹೆಡ್‌ಸೆಟ್ ಮೂಲಕ ಮಾತನಾಡಿಕೊಳ್ಳುವ ಇಂಟರ್‌ಕಾಮ್ ವ್ಯವಸ್ಥೆ, ಜೋಡಿಸಿ ಮುಗಿಸಿದ ಕೂಡಲೇ ಕೇಳಿಬರುವ ಮೊದಲ ದೂರು "ಸರ್, ಡೈರೆಕ್ಟರ್ ಮಾತು ಸರಿಯಾಗಿ ಕೇಳಿಸ್ತಿಲ್ಲ" ಎಂಬುದು. "ವಾಲ್ಯೂಮ್ ಜಾಸ್ತಿ ಇಟ್ಕೊಳಿ" ಎಂಬ ಉತ್ತರವೂ ಅಷ್ಟೇ ಬೇಗ ಸಿಗುತ್ತದೆ. ಆ ಸಲಹೆ ಸಾಮಾನ್ಯವಾಗಿ ತಪ್ಪು. ಬೆಲ್ಟ್‌ಪ್ಯಾಕ್‌ನ (ಹೆಡ್‌ಸೆಟ್ ಜೋಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೆಟ್ಟಿಗೆ) ವಾಲ್ಯೂಮ್ ನಾಬ್ ನಿರ್ದೇಶಕರ ಮಾತನ್ನಷ್ಟೇ ಆರಿಸಿ ಏರಿಸುವುದಿಲ್ಲ. ಅದೇ ಲೈನಿನಲ್ಲಿ ತೆರೆದಿರುವ ಇತರ ಮೈಕುಗಳ ಗದ್ದಲ, ಜನರೇಟರಿನ ಗುಂಯ್‌ಗುಡುವಿಕೆ, ಪಕ್ಕದ ಕ್ಯಾಮೆರಾಮನ್‌ನ ಉಸಿರು ಎಲ್ಲವನ್ನೂ ಒಟ್ಟಿಗೇ ಏರಿಸುತ್ತದೆ. ಕೊರತೆ ಇರುವುದು ಮಾತನಾಡುವವರ ತುದಿಯಲ್ಲಿ. ಅದನ್ನು ಕೇಳುವವರ ತುದಿಯಲ್ಲಿ ತುಂಬಿಸಲು ಹೊರಟರೆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಎಲ್ಲರ ನಾಬೂ ಕೊನೆಯವರೆಗೆ ತಿರುಗಿರುತ್ತದೆ, ಎಲ್ಲರ ಕಿವಿಯೂ ನೋಯುತ್ತಿರುತ್ತದೆ, ಮಾತು ಮಾತ್ರ ಆಗಲೂ ಸ್ಪಷ್ಟವಾಗಿರುವುದಿಲ್ಲ.

ಆದ್ದರಿಂದ ಇಲ್ಲಿ ವಿವರಿಸುವ ಕ್ರಮ ಬಾಯಿಯಿಂದ ಆರಂಭವಾಗಿ ಕಿವಿಯಲ್ಲಿ ಮುಗಿಯುತ್ತದೆ. ಮೊದಲು ಮೈಕಿನ ಸ್ಥಾನ, ಆಮೇಲೆ ಮೈಕಿನ ಬಗೆ ಮತ್ತು ಗೇನ್ (ಮೈಕಿನ ಸಿಗ್ನಲ್ಲನ್ನು ಎಷ್ಟು ಏರಿಸಬೇಕೆಂಬುದು), ಅನಂತರ ಲೈನಿನ ಸ್ಥಿತಿ, ಅದಾದ ಮೇಲೆ ಸೈಡ್‌ಟೋನ್ (ತನ್ನ ದನಿ ತನಗೇ ಕೇಳುವುದು), ಕಟ್ಟಕಡೆಗೆ ವಾಲ್ಯೂಮ್. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯನ್ನು ಕೆಡಿಸುತ್ತದೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ತಂಡಕ್ಕೆ ಇನ್ನೊಂದು ತೊಡಕಿದೆ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಂಗೀತ ಕಛೇರಿಯನ್ನು ಚಿತ್ರೀಕರಿಸುವಾಗ ಕ್ಯಾಮೆರಾಮನ್ ಪಿಸುದನಿಯಲ್ಲಿ ಮಾತನಾಡಬೇಕು, ಅವನ ಹೆಡ್‌ಸೆಟ್ಟಿನಿಂದ ಹೊರಸೂಸುವ ಸದ್ದು ಪಕ್ಕದ ಕುರ್ಚಿಯ ರಸಿಕರಿಗೆ ಕೇಳಬಾರದು. ಅದೇ ತಂಡ, ಅದೇ ಪೆಟ್ಟಿಗೆ, ಅದೇ ಕೇಬಲ್ ಕಂಠೀರವ ಒಳಾಂಗಣ ಕ್ರೀಡಾಂಗಣದ ಕಬಡ್ಡಿ ಪಂದ್ಯಕ್ಕೆ ಹೋದಾಗ ಸಾವಿರಾರು ಜನರ ಕೂಗಿನ ನಡುವೆ "ಕ್ಯಾಮೆರಾ 3, ರೇಡರ್ ಮೇಲೆ ಹೋಗಿ" ಎಂಬ ಮಾತು ತಲುಪಬೇಕು. ಒಂದು ಸ್ಥಳದಲ್ಲಿ ಹೊಂದಿಸಿದ ಲೆವೆಲ್ ಇನ್ನೊಂದಕ್ಕೆ ನಡೆಯದು. ಆದರೆ ಈ ಎರಡರ ನಡುವೆ ಬದಲಾಗಬೇಕಾದದ್ದು ಕೊನೆಯ ಎರಡು ಹೆಜ್ಜೆಗಳು ಮತ್ತು ಹೆಡ್‌ಸೆಟ್ಟಿನ ಆಯ್ಕೆ ಮಾತ್ರ. ಮೊದಲಿನವು ಒಮ್ಮೆ ಸರಿಯಾದರೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ.

ಮೈಕಿನ ಸ್ಥಾನ, ಮೈಕಿನ ಬಗೆ

ಹೆಡ್‌ಸೆಟ್ಟಿನ ಮೈಕು ತುಟಿಯ ಅಂಚಿನ ಪಕ್ಕದಲ್ಲಿ, ಒಂದೆರಡು ಬೆರಳಿನಷ್ಟು ದೂರದಲ್ಲಿ ಇರಬೇಕು. ಉಸಿರು ನೇರವಾಗಿ ತಾಗದಂತೆ ಬಾಯಿಯ ಮುಂದಕ್ಕಲ್ಲ, ಸ್ವಲ್ಪ ಬದಿಗೆ ಇಡಬೇಕು. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧವಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಯಾವ ಗೇನ್ ನಾಬೂ ಈ ಲಾಭವನ್ನು ಕೊಡಲಾರದು, ಏಕೆಂದರೆ ನಾಬು ಮಾತನ್ನೂ ಗದ್ದಲವನ್ನೂ ಸಮನಾಗಿ ಏರಿಸುತ್ತದೆ. ಮೈಕಿನ ಕಡ್ಡಿಯನ್ನು ಹಣೆಯ ಮೇಲಕ್ಕೆ ಎತ್ತಿಟ್ಟುಕೊಂಡೇ ಮಾತನಾಡುವ ಹಿರಿಯ ಕ್ಯಾಮೆರಾಮನ್‌ಗಳು ಪ್ರತಿ ತಂಡದಲ್ಲೂ ಇರುತ್ತಾರೆ. "ಅಣ್ಣಾ, ಮೈಕ್ ಸ್ವಲ್ಪ ಕೆಳಗೆ ಇಳಿಸಿ" ಎಂದು ಮರ್ಯಾದೆಯಿಂದ ಹೇಳುವುದು ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ದುರಸ್ತಿ.

ಪ್ರಸಾರಕ್ಕೆ ಬಳಸುವ ಹೆಡ್‌ಸೆಟ್ಟುಗಳಲ್ಲಿ ಗದ್ದಲ ತಗ್ಗಿಸುವ ಮೈಕುಗಳೇ ಹೆಚ್ಚು. ಇವು ಹತ್ತಿರದ ಸದ್ದನ್ನು ಒಂದು ಬದಿಯಿಂದ ಹೆಚ್ಚಾಗಿ ಹಿಡಿದು, ದೂರದಿಂದ ಎಲ್ಲ ಕಡೆಯೂ ಬರುವ ಸದ್ದನ್ನು ತಗ್ಗಿಸುತ್ತವೆ. ಮೈಕಿನ ತಲೆ ತಿರುಗಿಹೋಗಿ ಹಿಂಬದಿ ಬಾಯಿಯ ಕಡೆಗಿದ್ದರೆ ಮಾತು ಟೊಳ್ಳಾಗಿ, ದೂರದಿಂದ ಬಂದಂತೆ ಕೇಳುತ್ತದೆ. ಲೆವೆಲ್ ಕಡಿಮೆಯಾಗಿದೆ ಎಂದು ತೋರುವ ಎಷ್ಟೋ ಸಂದರ್ಭಗಳಲ್ಲಿ ಆಗಿರುವುದು ಇದೇ. ಮೇಲಿನ ಸ್ಪಂಜಿನ ಕವಚ ಹಳೆಯದಾಗಿ ಗಟ್ಟಿಯಾಗಿದ್ದರೆ ಬದಲಾಯಿಸಬೇಕು. ಹಲವರ ಬಾಯಿಯ ಬಳಿ ಇರುವ ವಸ್ತುವಾದ್ದರಿಂದ ಶುಚಿತ್ವದ ದೃಷ್ಟಿಯಿಂದಲೂ ಅದನ್ನು ಬದಲಾಯಿಸುತ್ತಿರುವುದು ಒಳ್ಳೆಯದು.

ಮುಂದಿನ ಪ್ರಶ್ನೆ, ಮೈಕು ಡೈನಮಿಕ್ ಬಗೆಯದೋ ಎಲೆಕ್ಟ್ರೆಟ್ ಬಗೆಯದೋ ಎಂಬುದು. ಡೈನಮಿಕ್ ಮೈಕಿಗೆ ಹೊರಗಿನಿಂದ ವಿದ್ಯುತ್ ಬೇಡ, ಅದರ ಸಿಗ್ನಲ್ ದುರ್ಬಲ, ಹಾಗಾಗಿ ಗೇನ್ ಹೆಚ್ಚು ಬೇಕು. ಎಲೆಕ್ಟ್ರೆಟ್ ಮೈಕಿಗೆ ಬೆಲ್ಟ್‌ಪ್ಯಾಕ್ ಸಣ್ಣ ಡಿಸಿ ವೋಲ್ಟೇಜ್ ಒದಗಿಸಬೇಕು; ಅದು ಸಿಗದಿದ್ದರೆ ಮೈಕು ಮೂಕವಾಗಿರುತ್ತದೆ. ಬೆಲ್ಟ್‌ಪ್ಯಾಕ್‌ಗಳಲ್ಲಿ ಇದನ್ನು ಬದಲಿಸಲು ಮೆನುವಿನಲ್ಲಾಗಲಿ, ಒಳಗಿನ ಸಣ್ಣ ಸ್ವಿಚ್ ಅಥವಾ ಜಂಪರ್‌ನಲ್ಲಾಗಲಿ ಅವಕಾಶವಿರುತ್ತದೆ. ಕ್ಯಾಮೆರಾದ ಹಿಂಬದಿಗೆ ಹೆಡ್‌ಸೆಟ್ ಜೋಡಿಸುವವರು ಕ್ಯಾಮೆರಾ ಮೆನುವಿನಲ್ಲಿ ಇದನ್ನು ನೋಡಬೇಕು. ಅಲ್ಲಿ ಹಳೆಯ ಕಾರ್ಬನ್ ಮೈಕಿನ ಆಯ್ಕೆಯೂ ಇರಬಹುದು. ಕಾರ್ಬನ್ ಎಂದು ಇಟ್ಟು ಡೈನಮಿಕ್ ಮೈಕು ಜೋಡಿಸಿದರೆ ಎಷ್ಟು ಜೋರಾಗಿ ಕೂಗಿದರೂ ಪ್ರಸಾರವನ್ನು ನಿಯಂತ್ರಿಸುವ ಓಬಿ ವ್ಯಾನಿಗೆ ಪಿಸುಮಾತಷ್ಟೇ ತಲುಪುತ್ತದೆ.

ಪ್ಲಗ್ ಕೂರುತ್ತದೆ ಎಂದ ಮಾತ್ರಕ್ಕೆ ಹೆಡ್‌ಸೆಟ್ ಹೊಂದುತ್ತದೆ ಎಂದಲ್ಲ. ಇಂಟರ್‌ಕಾಮ್ ಕಂಪನಿಯಾದ ಕ್ಲಿಯರ್‌ಕಾಮ್‌ನ ಪದ್ಧತಿಯ ನಾಲ್ಕು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ 1 ಮತ್ತು 2ನೇ ಪಿನ್ನುಗಳು ಮೈಕಿಗೆ, 3 ಮತ್ತು 4ನೆಯವು ಇಯರ್‌ಫೋನಿಗೆ ಮೀಸಲು. ಕ್ಯಾಮೆರಾಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಐದು ಪಿನ್ನಿನ ಕನೆಕ್ಟರ್ ಇರುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌.ಪಿ. ರಸ್ತೆಯಲ್ಲಿ ಅಡಾಪ್ಟರ್ ಮಾಡಿಸಿಕೊಂಡು ಬರುವವರು ಎರಡೂ ತುದಿಯ ಪಿನ್ ವಿವರವನ್ನು ಕಾಗದದ ಮೇಲೆ ಬರೆದುಕೊಂಡು ಹೋಗುವುದು ಕ್ಷೇಮ. ಅಂಗಡಿಯವರು ಬೆಸುಗೆಯನ್ನು ಅಚ್ಚುಕಟ್ಟಾಗಿ ಹಾಕಿಕೊಡುತ್ತಾರೆ, ಯಾವ ತಂತಿ ಎಲ್ಲಿಗೆ ಎಂಬುದನ್ನು ತಿಳಿಸಬೇಕಾದವರು ನಾವು.

ಮೈಕಿನ ಗೇನ್

ಗೇನ್ ಹೊಂದಿಸಲು ಇಬ್ಬರು ಬೇಕು. ಒಬ್ಬರು ತಮ್ಮ ಜಾಗದಲ್ಲಿ ನಿಂತು, ಕಾರ್ಯಕ್ರಮದ ವೇಳೆ ಆಡುವ ದನಿಯಲ್ಲೇ ಮಾತನಾಡಬೇಕು; ಇನ್ನೊಬ್ಬರು ಎಲ್ಲ ಬೆಲ್ಟ್‌ಪ್ಯಾಕ್‌ಗಳೂ ಬಂದು ಸೇರುವ ಮುಖ್ಯ ಸ್ಟೇಷನ್ನಿನ ಬಳಿ ಕುಳಿತು ಕೇಳಬೇಕು. "ಹಲೋ, ಚೆಕ್, ಒನ್ ಟೂ ತ್ರೀ" ಎಂದು ಮೂರು ಪದ ಹೇಳಿ ಸುಮ್ಮನಾದರೆ ಪ್ರಯೋಜನವಿಲ್ಲ. ಪರೀಕ್ಷೆಯ ದನಿ ಯಾವಾಗಲೂ ನಿಜವಾದ ದನಿಗಿಂತ ಭಿನ್ನ. ಕಣ್ಣೆದುರು ಕಾಣುವ ದೃಶ್ಯವನ್ನು ಅರ್ಧ ನಿಮಿಷ ವಿವರಿಸಲು ಹೇಳಿದರೆ ಸಹಜ ಮಟ್ಟ ತಾನಾಗಿಯೇ ಬರುತ್ತದೆ. ನಿರ್ದೇಶಕರ ದನಿಯನ್ನು ಪರೀಕ್ಷಿಸುವಾಗ ಇನ್ನೂ ಎಚ್ಚರ ಬೇಕು. ಮಧ್ಯಾಹ್ನದ ಪರೀಕ್ಷೆಯಲ್ಲಿ ಮೆಲ್ಲಗೆ ಮಾತನಾಡಿದವರು ಸಂಜೆ ಕಾರ್ಯಕ್ರಮ ಆರಂಭವಾದ ಮೇಲೆ ಕೂಗತೊಡಗುತ್ತಾರೆ. ಹಾಗಾಗಿ ಅವರ ಮೈಕಿಗೆ ಸ್ವಲ್ಪ ಕಡಿಮೆ ಗೇನ್ ಕೊಟ್ಟು, ಕೂಗಿದಾಗಲೂ ದನಿ ಒಡೆಯದಷ್ಟು ಅವಕಾಶ ಉಳಿಸಬೇಕು. ಮಿತಿ ಮೀರಿದ ದನಿಯನ್ನು ತಡೆಯುವ ಲಿಮಿಟರ್ ಇದ್ದರೆ ಈ ಒಂದು ಮೈಕಿಗಾದರೂ ಅದನ್ನು ಹಾಕಬೇಕು.

ಅನಂತರ ಉಳಿದವರ ಮೈಕುಗಳನ್ನು ಒಂದೊಂದಾಗಿ, ನಿರ್ದೇಶಕರ ಮಟ್ಟಕ್ಕೆ ಸರಿತೂಗುವಂತೆ ಹೊಂದಿಸಬೇಕು. ಕೇಳುವವರು ಈ ಹೊತ್ತಿನಲ್ಲಿ ತಮ್ಮ ವಾಲ್ಯೂಮನ್ನು ಮಧ್ಯದಲ್ಲಿ ಇಟ್ಟು ಮತ್ತೆ ಮುಟ್ಟಬಾರದು. ಅಳತೆಗೋಲೇ ಅಲುಗಿದರೆ ಅಳತೆಗೆ ಅರ್ಥವಿಲ್ಲ.

ಲೆವೆಲ್ ಎಷ್ಟೇ ಚೆನ್ನಾಗಿ ಹೊಂದಿಸಿದರೂ ಎಲ್ಲ ಮೈಕುಗಳನ್ನೂ ತೆರೆದಿಟ್ಟರೆ ಲೈನು ಕೆಡುತ್ತದೆ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಒಟ್ಟು ಗದ್ದಲ ಸುಮಾರು 3 ಡೆಸಿಬೆಲ್ ಏರುತ್ತದೆ. ಒಂದು ಮೈಕಿನ ಬದಲು ಎಂಟು ತೆರೆದಿದ್ದರೆ 9 ಡೆಸಿಬೆಲ್ ಗದ್ದಲ ಹೆಚ್ಚಿದಂತೆ, ಮತ್ತು ಅದು ಎಲ್ಲರ ಕಿವಿಗೂ ಹೋಗುತ್ತದೆ. ಕ್ಯಾಮೆರಾದವರು ಒತ್ತಿ ಹಿಡಿದಾಗ ಮಾತ್ರ ಮೈಕು ತೆರೆಯುವ ರೀತಿಯಲ್ಲಿ ಗುಂಡಿಯನ್ನು ಇಡುವುದು ಉತ್ತಮ. ಮುಖ್ಯ ಸ್ಟೇಷನ್ನಿನಲ್ಲಿ ಎಲ್ಲ ಮೈಕುಗಳನ್ನೂ ಒಮ್ಮೆಗೇ ಮುಚ್ಚುವ ಸೌಲಭ್ಯವಿದ್ದರೆ ಅದರ ಗುಂಡಿ ಎಲ್ಲಿದೆ ಎಂಬುದು ಆಡಿಯೋ ನೋಡಿಕೊಳ್ಳುವವರಿಗೆ ಕತ್ತಲಲ್ಲೂ ತಿಳಿದಿರಬೇಕು. ಇಡೀ ಕಾರ್ಯಕ್ರಮ ಮೈಕು ತೆರೆದಿರಬೇಕಾದದ್ದು ನಿರ್ದೇಶಕರದು ಮಾತ್ರ.

ಲೈನಿನ ಸ್ಥಿತಿ

ಎಲ್ಲರ ಲೆವೆಲ್ ಒಟ್ಟಿಗೇ ತಗ್ಗಿದ್ದರೆ ಅಥವಾ ಒಟ್ಟಿಗೇ ಏರಿದ್ದರೆ ತಪ್ಪು ಯಾವ ಬೆಲ್ಟ್‌ಪ್ಯಾಕಿನದೂ ಅಲ್ಲ, ಲೈನಿನದು. ಎರಡು ತಂತಿಯ ಪಾರ್ಟಿಲೈನ್ ವ್ಯವಸ್ಥೆಯಲ್ಲಿ ಎಲ್ಲರೂ ಒಂದೇ ತಂತಿಯ ಮೇಲೆ ಮಾತನಾಡುತ್ತಾರೆ, ಅದರ ಮೇಲೇ ಕೇಳುತ್ತಾರೆ. ಕ್ಲಿಯರ್‌ಕಾಮ್ ಮಾದರಿಯಲ್ಲಿ ಮೂರು ಪಿನ್ನಿನ ಸಾಮಾನ್ಯ ಮೈಕ್ ಕೇಬಲ್ಲಿನ 1ನೇ ಪಿನ್ ಗ್ರೌಂಡ್, 2ನೆಯದು ಸುಮಾರು 30 ವೋಲ್ಟ್ ಡಿಸಿ, 3ನೆಯದು ಧ್ವನಿ. ಇನ್ನೊಂದು ಕಂಪನಿಯಾದ ಆರ್‌ಟಿಎಸ್‌ನ ಮಾದರಿಯಲ್ಲಿ 2ನೇ ಪಿನ್ನಿನಲ್ಲಿ ವಿದ್ಯುತ್ತೂ ಮೊದಲ ಚಾನಲ್ಲೂ ಜೊತೆಯಾಗಿ ಹರಿಯುತ್ತವೆ, 3ನೆಯದರಲ್ಲಿ ಎರಡನೇ ಚಾನಲ್ ಇರುತ್ತದೆ. ಬಾಡಿಗೆಗೆ ತಂದ ಸಾಮಾನಿನಲ್ಲಿ ಇವೆರಡೂ ಬೆರೆತುಬಂದರೆ ದೀಪ ಉರಿದರೂ ಮಾತು ಸರಿಯಾಗಿ ಬರದಿರಬಹುದು.

ಈ ಲೈನಿಗೆ ಚಾನಲ್ಲಿಗೊಂದರಂತೆ 200 ಓಮ್‌ನ ಟರ್ಮಿನೇಷನ್, ಅಂದರೆ ಲೈನಿನ ಮಟ್ಟವನ್ನು ಸ್ಥಿರವಾಗಿಡುವ ರೋಧ, ಬೇಕು. ಅದು ಒಂದೇ ಕಡೆ, ಸಾಮಾನ್ಯವಾಗಿ ಪವರ್ ಸಪ್ಲೈ ಅಥವಾ ಮುಖ್ಯ ಸ್ಟೇಷನ್ನಿನಲ್ಲಿ ಇರಬೇಕು. ಎರಡು ಮುಖ್ಯ ಸ್ಟೇಷನ್ನುಗಳನ್ನು ಜೋಡಿಸಿ ಎರಡರಲ್ಲೂ ಟರ್ಮಿನೇಷನ್ ಸ್ವಿಚ್ ಹಾಕಿದ್ದರೆ ಲೈನು ಕಾಣುವ ರೋಧ 100 ಓಮ್‌ಗೆ ಇಳಿದು ಎಲ್ಲರ ದನಿಯೂ ಕುಗ್ಗುತ್ತದೆ. ಎಲ್ಲಿಯೂ ಟರ್ಮಿನೇಷನ್ ಇಲ್ಲದಿದ್ದರೆ ಲೆವೆಲ್ ಅತಿಯಾಗಿ ಏರಿ, ಹೆಡ್‌ಸೆಟ್ಟುಗಳು ಸೀಟಿ ಹೊಡೆಯತೊಡಗುತ್ತವೆ. ಇದನ್ನು ನೋಡದೆ ಹತ್ತು ಬೆಲ್ಟ್‌ಪ್ಯಾಕ್‌ಗಳ ಗೇನ್ ತಿರುಗಿಸುತ್ತ ಕೂರುವುದು ವ್ಯರ್ಥ ಶ್ರಮ.

ಗುಂಯ್ ಎನ್ನುವ ಹಮ್ಮಿಂಗ್ ಬಂದರೆ ಕೇಬಲ್ ಹಾದುಹೋದ ದಾರಿಯನ್ನು ನೋಡಬೇಕು. ರವೀಂದ್ರ ಕಲಾಕ್ಷೇತ್ರದಂತಹ ರಂಗಮಂದಿರಗಳಲ್ಲಿ ಬೆಳಕಿನ ಡಿಮ್ಮರುಗಳ ವಿದ್ಯುತ್ ಕೇಬಲ್ ಜೊತೆ ಇಂಟರ್‌ಕಾಮ್ ಕೇಬಲನ್ನು ಉದ್ದಕ್ಕೂ ಕಟ್ಟಿದರೆ, ದೀಪದ ಪ್ರಕಾಶ ಬದಲಾದಂತೆಲ್ಲ ಕಿವಿಯಲ್ಲಿ ಝೇಂಕಾರವೂ ಬದಲಾಗುತ್ತದೆ. ಎರಡನ್ನೂ ದೂರವಿಟ್ಟು, ದಾಟಲೇಬೇಕಾದಲ್ಲಿ ಅಡ್ಡಡ್ಡಲಾಗಿ ದಾಟಿಸಬೇಕು. ಕನೆಕ್ಟರಿನ ಲೋಹದ ಕವಚಕ್ಕೆ 1ನೇ ಪಿನ್ನನ್ನು ಬೆಸೆದಿದ್ದರೆ, ಆ ಕವಚ ವೇದಿಕೆಯ ಕಬ್ಬಿಣಕ್ಕೆ ತಾಗಿದ ಕ್ಷಣ ಹಮ್ಮಿಂಗ್ ಶುರುವಾಗುತ್ತದೆ. ಇಂಟರ್‌ಕಾಮ್ ಕೇಬಲ್‌ಗಳಲ್ಲಿ ಆ ಜೋಡಣೆ ಇರಬಾರದು.

ನಾಲ್ಕು ತಂತಿಯ ವ್ಯವಸ್ಥೆಯಲ್ಲಿ ಹೋಗುವ ಧ್ವನಿಗೂ ಬರುವ ಧ್ವನಿಗೂ ಬೇರೆ ಬೇರೆ ಜೋಡಿ ತಂತಿಗಳು. ಕ್ಯಾಮೆರಾದ ಸಿಸಿಯು (ನಿಯಂತ್ರಣ ಘಟಕ), ಮ್ಯಾಟ್ರಿಕ್ಸ್ (ಯಾರ ಮಾತು ಯಾರಿಗೆ ಎಂದು ಜೋಡಿಸುವ ಯಂತ್ರ), ವೈರ್‌ಲೆಸ್ ಬೇಸ್ ಸ್ಟೇಷನ್‌ಗಳನ್ನು ಒಂದಕ್ಕೊಂದು ಬೆಸೆಯುವುದು ಸಾಮಾನ್ಯವಾಗಿ ಹೀಗೆಯೇ. ಇಲ್ಲಿ ಕಿವಿಯ ಅಂದಾಜಿಗಿಂತ ಟೋನ್ ಮತ್ತು ಮೀಟರ್ ಮೇಲು. ಒಂದು ಕಡೆಯಿಂದ 1 ಕಿಲೋಹರ್ಟ್ಸ್ ಟೋನನ್ನು 0 ಡಿಬಿಯು, ಅಂದರೆ 0.775 ವೋಲ್ಟ್ ಮಟ್ಟದಲ್ಲಿ ಕಳಿಸಿ, ಇನ್ನೊಂದು ಕಡೆಯ ಮೀಟರಿನಲ್ಲಿ ಎಷ್ಟು ಬಂತೆಂದು ನೋಡಿ, ಒಳಬರುವ ಗೇನನ್ನು ಸರಿಪಡಿಸಬೇಕು. ಒಂದು ಯಂತ್ರ 0 ಡಿಬಿಯುವನ್ನೂ ಇನ್ನೊಂದು +4 ಡಿಬಿಯುವನ್ನೂ ಸಾಮಾನ್ಯ ಮಟ್ಟವೆಂದು ಎಣಿಸುವುದುಂಟು. ಡಿಜಿಟಲ್ ಸಂಪರ್ಕದಲ್ಲಿ ಈ ವ್ಯತ್ಯಾಸ ಇನ್ನೂ ಗೋಜಲಾಗುತ್ತದೆ: ಯುರೋಪಿನ ಇಬಿಯು ಪದ್ಧತಿಯಲ್ಲಿ 0 ಡಿಬಿಯು ಎಂದರೆ −18 ಡಿಬಿಎಫ್‌ಎಸ್ (ಡಿಜಿಟಲ್ ಗರಿಷ್ಠ ಮಟ್ಟಕ್ಕಿಂತ 18 ಡೆಸಿಬೆಲ್ ಕೆಳಗೆ), ಅಮೆರಿಕದ ಎಸ್‌ಎಂಪಿಟಿಇ ಪದ್ಧತಿಯಲ್ಲಿ +4 ಡಿಬಿಯು ಎಂದರೆ −20 ಡಿಬಿಎಫ್‌ಎಸ್. ಎರಡೂ ಬಗೆಯ ಯಂತ್ರಗಳು ಒಂದೇ ವ್ಯಾನಿನಲ್ಲಿದ್ದರೆ 6 ಡೆಸಿಬೆಲ್ ಅಂತರ ಕಾಣುವುದು ಸಹಜ, ಅದು ಕೆಟ್ಟ ಕಾರ್ಡಿನ ಲಕ್ಷಣವಲ್ಲ. ಟೋನ್ ಬಿಡುವ ಮುನ್ನ "ಟೋನ್ ಬರುತ್ತೆ, ಎಲ್ಲರೂ ಹೆಡ್‌ಸೆಟ್ ತೆಗೀರಿ" ಎಂದು ಲೈನಿನಲ್ಲಿ ಹೇಳಿ, ಪ್ರತಿಯೊಬ್ಬರಿಂದಲೂ ಉತ್ತರ ಬಂದ ಮೇಲೆಯೇ ಬಿಡಬೇಕು.

ಎರಡು ತಂತಿಯ ಲೈನನ್ನು ನಾಲ್ಕು ತಂತಿಯ ಯಂತ್ರಕ್ಕೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯಲ್ಲಿ ನಲ್ ಹೊಂದಾಣಿಕೆ ಇರುತ್ತದೆ. ಹೋದ ಧ್ವನಿ ಮರಳಿ ಬಾರದಂತೆ ಅಳಿಸಿಹಾಕುವುದು ಅದರ ಕೆಲಸ. ಎಲ್ಲ ಮೈಕುಗಳನ್ನೂ ಮುಚ್ಚಿ, ನಾಲ್ಕು ತಂತಿಯ ಕಡೆಯಿಂದ ಧ್ವನಿ ಕಳಿಸಿ, ಮರಳಿ ಬರುವುದು ಅತಿ ಕಡಿಮೆಯಾಗುವವರೆಗೆ ಹೊಂದಿಸಬೇಕು. ಲೆವೆಲ್‌ಗಳನ್ನು ಮೊದಲು ಸರಿಮಾಡಿ ಆಮೇಲೆ ನಲ್ ಮಾಡುವುದು ಸರಿ. ಬೆಲ್ಟ್‌ಪ್ಯಾಕ್ ಸೇರಿಸಿದಾಗ ಅಥವಾ ಉದ್ದನೆಯ ಕೇಬಲ್ ಬದಲಿಸಿದಾಗ ನಲ್ ಕದಲುತ್ತದೆ, ಮತ್ತೆ ಮಾಡಬೇಕಾಗುತ್ತದೆ.

ಸೈಡ್‌ಟೋನ್

ಹೆಡ್‌ಸೆಟ್ ಹಾಕಿಕೊಂಡವರಿಗೆ ತಮ್ಮದೇ ದನಿ ಕಿವಿಯಲ್ಲಿ ಎಷ್ಟು ಕೇಳಬೇಕು ಎಂಬುದೇ ಸೈಡ್‌ಟೋನ್. ಬಹುಮಂದಿ ಇದನ್ನು ಮುಟ್ಟುವುದೇ ಇಲ್ಲ, ಆದರೆ ನನ್ನ ಅಭಿಪ್ರಾಯದಲ್ಲಿ ಇಡೀ ತಂಡದ ಮಾತಿನ ಶಿಸ್ತು ನಿಂತಿರುವುದೇ ಇದರ ಮೇಲೆ. ತನ್ನ ದನಿ ತನಗೆ ಕೇಳದಿದ್ದರೆ ಮನುಷ್ಯ ಅರಿವಿಲ್ಲದೆ ಕೂಗುತ್ತಾನೆ. ತುಂಬ ಜೋರಾಗಿ ಕೇಳಿದರೆ ದನಿ ತಗ್ಗಿಸಿ ಗೊಣಗುತ್ತಾನೆ. ಕಛೇರಿಯ ಸಭಾಂಗಣದಲ್ಲಿ ಕ್ಯಾಮೆರಾಮನ್ ಪಿಸುಗುಡಬೇಕು ಎಂದಾದರೆ "ಮೆಲ್ಲಗೆ ಮಾತಾಡಪ್ಪ" ಎಂದು ಹತ್ತು ಸಲ ಹೇಳುವ ಬದಲು ಅವನ ಸೈಡ್‌ಟೋನ್ ಸ್ವಲ್ಪ ಏರಿಸಿ, ಜೊತೆಗೆ ಅವನ ಮೈಕಿನ ಗೇನ್ ಏರಿಸಬಹುದಾಗಿದ್ದರೆ ಏರಿಸಬೇಕು. ದನಿ ತಾನಾಗಿಯೇ ಇಳಿಯುತ್ತದೆ.

ಅನಲಾಗ್ ಬೆಲ್ಟ್‌ಪ್ಯಾಕ್‌ಗಳಲ್ಲಿ ಇದಕ್ಕೆಂದು ಪಕ್ಕದಲ್ಲೋ ತಳದಲ್ಲೋ ಒಳಸರಿದ ಸಣ್ಣ ಟ್ರಿಮ್ಮರ್ ಇರುತ್ತದೆ. ಅದನ್ನು ತಿರುಗಿಸಲು ಗಡಿಯಾರ ರಿಪೇರಿಯವರು ಬಳಸುವಂತಹ ಸಪೂರ ಸ್ಕ್ರೂಡ್ರೈವರ್ ಬೇಕು. ಬಲವಂತ ಮಾಡಬಾರದು, ಕೊನೆಯ ತಡೆ ಬಹಳ ನಾಜೂಕು. ಬೆಲ್ಟ್‌ಪ್ಯಾಕ್ ತನ್ನ ಕೊನೆಯ ಜಾಗದಲ್ಲಿ, ಕೊನೆಯ ಕೇಬಲ್ಲಿನೊಂದಿಗೆ, ಎಲ್ಲ ಬೆಲ್ಟ್‌ಪ್ಯಾಕ್‌ಗಳೂ ಲೈನಿನಲ್ಲಿ ಇರುವಾಗ ಹೊಂದಿಸಬೇಕು, ಏಕೆಂದರೆ ಕೇಬಲ್ಲಿನ ಉದ್ದ ಮತ್ತು ಜೊತೆಯ ಬೆಲ್ಟ್‌ಪ್ಯಾಕ್‌ಗಳ ಸಂಖ್ಯೆ ಎರಡೂ ಇದನ್ನು ಬದಲಿಸುತ್ತವೆ. ಇತರರ ಮೈಕು ಮುಚ್ಚಿಸಿ, ತನ್ನ ಮೈಕು ತೆರೆದು, ವಾಲ್ಯೂಮ್ ಮಧ್ಯದಲ್ಲಿಟ್ಟು ಮಾತನಾಡುತ್ತ ಟ್ರಿಮ್ಮರ್ ತಿರುಗಿಸಿದರೆ ಒಂದು ಹಂತದಲ್ಲಿ ತನ್ನ ದನಿ ಕಡಿಮೆಯಾಗಿ, ಅದನ್ನು ದಾಟಿದ ಮೇಲೆ ಮತ್ತೆ ಏರುತ್ತದೆ. ಆ ಕನಿಷ್ಠ ಬಿಂದುವಿನಿಂದ ತುಸು ಆಚೆ, ಹೆಡ್‌ಸೆಟ್ ಇಲ್ಲದೆ ಮಾತನಾಡುವಾಗ ಎಷ್ಟು ಕೇಳುತ್ತದೋ ಅಷ್ಟಕ್ಕೆ ನಿಲ್ಲಿಸಬೇಕು. ಡಿಜಿಟಲ್ ಮತ್ತು ವೈರ್‌ಲೆಸ್ ಬೆಲ್ಟ್‌ಪ್ಯಾಕ್‌ಗಳಲ್ಲಿ ಇದು ಮೆನುವಿನಲ್ಲಿ ಸಿಗುತ್ತದೆ.

ಹೆಡ್‌ಸೆಟ್ಟನ್ನು ಕುತ್ತಿಗೆಗೆ ಇಳಿಸಿಕೊಂಡಾಗ ಸೀಟಿ ಬಂದರೆ ಸೈಡ್‌ಟೋನ್ ಹೆಚ್ಚಾಗಿದೆ ಅಥವಾ ವಾಲ್ಯೂಮ್ ಹೆಚ್ಚಾಗಿದೆ ಎಂದರ್ಥ. ತನ್ನ ದನಿ ತಡವಾಗಿ, ಪ್ರತಿಧ್ವನಿಯಂತೆ ಮರಳಿ ಬರುತ್ತಿದ್ದರೆ ಅದು ಸೈಡ್‌ಟೋನ್ ಅಲ್ಲ. ಇಂಟರ್‌ನೆಟ್ ಅಥವಾ ಫೋನ್ ಮೂಲಕ ದೂರದ ಸ್ಟುಡಿಯೋಗೆ ಹೋದ ಧ್ವನಿ ಹಿಂದಿರುಗುತ್ತಿದೆ. ಹಾಗೆ ಕೇಳುತ್ತ ಯಾರೂ ತಡವರಿಸದೆ ಮಾತನಾಡಲಾರರು. ಅದನ್ನು ಆ ಸ್ಟುಡಿಯೋದ ತುದಿಯಲ್ಲಿ ನಿಲ್ಲಿಸಬೇಕೇ ಹೊರತು ಇಲ್ಲಿನ ಟ್ರಿಮ್ಮರಿನಿಂದಲ್ಲ.

ವಾಲ್ಯೂಮ್, ಕಾರ್ಯಕ್ರಮದ ಧ್ವನಿ, ನಿರೂಪಕರ ಕಿವಿ

ಇಷ್ಟಾದ ಮೇಲೆ ವಾಲ್ಯೂಮ್. ನಾಬನ್ನು ಪೂರ್ತಿ ಕೆಳಗಿಳಿಸಿ ಹೆಡ್‌ಸೆಟ್ ಹಾಕಿಕೊಂಡು, ನಿರ್ದೇಶಕರು ಮಾತನಾಡುತ್ತಿರುವಾಗ ನಿಧಾನವಾಗಿ ಏರಿಸುತ್ತ, ಪ್ರತಿ ಪದವೂ ಶ್ರಮವಿಲ್ಲದೆ ಕೇಳಿದಲ್ಲಿ ನಿಲ್ಲಿಸಬೇಕು. ಮೇಲಿನಿಂದ ಇಳಿಸುತ್ತ ಬಂದರೆ ಕಿವಿ ಜೋರಿಗೆ ಒಗ್ಗಿಕೊಂಡು ಬೇಕಾದ್ದಕ್ಕಿಂತ ಹೆಚ್ಚಿನಲ್ಲೇ ನಿಲ್ಲುತ್ತದೆ. ಒಂದೇ ನಾಬು ಸ್ಥಾನದಲ್ಲಿ ಒಬ್ಬರಿಗೆ ಜೋರು, ಪಕ್ಕದವರಿಗೆ ಮೆಲ್ಲಗೆ ಎನಿಸಿದರೆ ಇಯರ್‌ಫೋನಿನ ಇಂಪೀಡೆನ್ಸ್ (ಸಿಗ್ನಲ್ಲಿಗೆ ಅದು ಒಡ್ಡುವ ತಡೆ) ನೋಡಬೇಕು. ಬೇಯರ್‌ಡೈನಮಿಕ್ ಡಿಟಿ 109 ಹೆಡ್‌ಸೆಟ್ 50 ಓಮ್ ಮತ್ತು 400 ಓಮ್ ಎರಡರಲ್ಲೂ ಬಂದಿದೆ; ಹೊರನೋಟಕ್ಕೆ ಒಂದೇ, ಆದರೆ ಅದೇ ಬೆಲ್ಟ್‌ಪ್ಯಾಕಿಗೆ ಜೋಡಿಸಿದಾಗ ಸದ್ದು ಒಂದೇ ಆಗಿರುವುದಿಲ್ಲ.

ಗದ್ದಲದ ಸ್ಥಳಕ್ಕೆ ಎರಡೂ ಕಿವಿ ಮುಚ್ಚುವ ಹೆಡ್‌ಸೆಟ್ ಬೇಕು. ಹೊರಗಿನ ಸದ್ದನ್ನು ತಡೆಯುವುದರಿಂದ ಸಿಗುವ ಸ್ಪಷ್ಟತೆ ವಾಲ್ಯೂಮ್ ಏರಿಸುವುದರಿಂದ ಸಿಗದು. ಕಿವಿಯ ಸುರಕ್ಷತೆಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎನ್‌ಐಒಎಸ್‌ಎಚ್ ಸೂಚಿಸುವ ಮಿತಿ ದಿನಕ್ಕೆ 8 ಗಂಟೆ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ, ಹಾಗಾಗಿ 94 ಡೆಸಿಬೆಲ್‌ನಲ್ಲಿ ಒಂದು ಗಂಟೆ ಮಾತ್ರ. ಕಬಡ್ಡಿ ಅಥವಾ ಕ್ರಿಕೆಟ್ ದಿನದ ಪಾಳಿ ಅದಕ್ಕಿಂತ ಎಷ್ಟು ದೀರ್ಘ ಎಂಬುದನ್ನು ಈ ಕೆಲಸದವರಿಗೆ ಹೇಳಬೇಕಾಗಿಲ್ಲ.

ಕ್ಯಾಮೆರಾದವರಿಗೆ ಕಾರ್ಯಕ್ರಮದ ಧ್ವನಿಯನ್ನೂ ಕೊಡುವುದಾದರೆ ಅದು ಟಾಕ್‌ಬ್ಯಾಕ್‌ಗಿಂತ ಸ್ಪಷ್ಟವಾಗಿ ಕೆಳಗಿರಬೇಕು. ಎರಡು ಕಿವಿಯ ಹೆಡ್‌ಸೆಟ್ಟಿನಲ್ಲಿ ನಿರ್ದೇಶಕರನ್ನು ಒಂದು ಕಿವಿಗೆ, ಕಾರ್ಯಕ್ರಮವನ್ನು ಇನ್ನೊಂದಕ್ಕೆ ಬೇರ್ಪಡಿಸಿದರೆ ಎರಡನ್ನೂ ಕಡಿಮೆ ವಾಲ್ಯೂಮಿನಲ್ಲಿ ಕೇಳಬಹುದು.

ನಿರೂಪಕರ ಕಿವಿಗೆ ಹೋಗುವ ಧ್ವನಿ, ಅಂದರೆ ಐಎಫ್‌ಬಿ, ಬೇರೆಯೇ ವಿಷಯ. ಅವರಿಗೆ ಕೇಳಬೇಕಾದದ್ದು ತಮ್ಮ ದನಿಯನ್ನು ಹೊರತುಪಡಿಸಿದ ಕಾರ್ಯಕ್ರಮ, ಅಂದರೆ ಮಿಕ್ಸ್ ಮೈನಸ್. ನಿರ್ದೇಶಕರು ಮಾತನಾಡಿದಾಗ ಕಾರ್ಯಕ್ರಮದ ಧ್ವನಿ ತಗ್ಗಿ, ಮಾತು ಮುಗಿದ ಮೇಲೆ ಮರಳಬೇಕು. ಪೂರ್ತಿ ಕತ್ತರಿಸಿದರೆ ನಿರೂಪಕರು ಸಂಪರ್ಕ ಕಡಿಯಿತೆಂದು ಗಾಬರಿಯಾಗುತ್ತಾರೆ. 15 ಡೆಸಿಬೆಲ್ ಆಸುಪಾಸಿನ ಇಳಿತ ನನಗೆ ಹಿತವೆನಿಸಿದೆ. ಅಡ್ಡ ಬರುವ ನಿರ್ದೇಶಕರ ದನಿ ಕಾರ್ಯಕ್ರಮದ ಸಾಮಾನ್ಯ ಮಟ್ಟದಷ್ಟೇ ಇರಬೇಕು, ಅದಕ್ಕಿಂತ ಜೋರಾದರೆ ನಿರೂಪಕರು ಬೆಚ್ಚುವುದು ಪರದೆಯ ಮೇಲೆ ಕಾಣುತ್ತದೆ. ಇಯರ್‌ಪೀಸಿನ ವಾಲ್ಯೂಮನ್ನು ಅವರೇ ಹೊಂದಿಸಿಕೊಳ್ಳಲಿ: "ಮೇಡಂ, ನೀವೇ ತಿರುಗಿಸಿ, ಹಿತವಾದಲ್ಲಿ ನಿಲ್ಲಿಸಿ" ಎಂದು ಹೇಳಿ ನಾಬನ್ನು ಅವರ ಕೈಗೆ ಕೊಡುವುದು ಸರಿ. ಅತಿಥಿಯ ಬಟ್ಟೆಗೆ ಸಿಕ್ಕಿಸಿದ ಲೇಪಲ್ ಮೈಕು ಪಕ್ಕದಲ್ಲೇ ಇರುವುದರಿಂದ ಇಯರ್‌ಪೀಸಿನ ಸದ್ದು ಅದಕ್ಕೆ ಸೋರುತ್ತಿದೆಯೇ ಎಂಬುದನ್ನು ಆಡಿಯೋ ಡೆಸ್ಕಿನಲ್ಲಿ ಆ ಮೈಕೊಂದನ್ನೇ ತೆರೆದು ಕೇಳಬೇಕು.

ಖಾಲಿ ಸಭಾಂಗಣದಲ್ಲಿ ಹೊಂದಿಸಿದ ವಾಲ್ಯೂಮ್ ಜನ ತುಂಬಿದ ಮೇಲೆ ಸಾಲದು. ಪ್ರೇಕ್ಷಕರು ಬಂದು ಕೂತ ಮೇಲೆ, ಪ್ರಸಾರಕ್ಕೆ ಸುಮಾರು ಹದಿನೈದು ನಿಮಿಷ ಇರುವಾಗ, ನಿರ್ದೇಶಕರು ಪ್ರತಿ ಕ್ಯಾಮೆರಾವನ್ನೂ ಹೆಸರಿಡಿದು ಕರೆದು ಉತ್ತರ ಪಡೆಯಬೇಕು. ಆಗ ತಿರುಗಿಸಬೇಕಾದದ್ದು ವಾಲ್ಯೂಮ್ ಮಾತ್ರ. ಅದಕ್ಕೆ ಮುಂಚೆಯೇ ಮೈಕ್ ಗೇನ್ ನಾಬುಗಳ ಸ್ಥಾನವನ್ನು ಪೇಪರ್ ಟೇಪಿನ ಮೇಲೆ ಮಾರ್ಕರಿನಿಂದ ಗುರುತಿಸಿ, ಬೆಲ್ಟ್‌ಪ್ಯಾಕಿನ ಮೇಲೆ ಬಳಸುವವರ ಹೆಸರಿನ ಜೊತೆಗೆ ಹೆಡ್‌ಸೆಟ್ಟಿನ ಮಾದರಿಯನ್ನೂ ಬರೆದಿಟ್ಟಿದ್ದರೆ, ಮಧ್ಯದಲ್ಲಿ ಯಾರೋ ಹೆಡ್‌ಸೆಟ್ ಅದಲುಬದಲು ಮಾಡಿಕೊಂಡಾಗ ಲೆವೆಲ್ ಏಕೆ ಬದಲಾಯಿತೆಂದು ಹುಡುಕಬೇಕಾಗುವುದಿಲ್ಲ. ಹೆಡ್‌ಸೆಟ್ ಕಳಚುವ ಅಥವಾ ಜೋಡಿಸುವ ಮುನ್ನ ಮೈಕು ಮುಚ್ಚಿ ವಾಲ್ಯೂಮ್ ಇಳಿಸಬೇಕು, ಇಲ್ಲದಿದ್ದರೆ ಆ ಟಪ್ ಎನ್ನುವ ಸದ್ದು ಲೈನಿನಲ್ಲಿರುವ ಪ್ರತಿಯೊಬ್ಬರ ಕಿವಿಗೂ ಬಡಿಯುತ್ತದೆ.